ರಾಜನೋ, ಮಂತ್ರಿಮಂಡಲವೋ, ಸಭೆಯೋ: ಸಿವಿಲೈಸೇಶನ್ 4 ತಂಡದಾಟಕ್ಕೆ ಸರ್ಕಾರ ಆರಿಸುವುದು

ಸಿವಿಲೈಸೇಶನ್ 4 ನಾಡು ಕಟ್ಟುವ ಕಂಪ್ಯೂಟರ್ ಆಟ. ಅದರ ಪಿಟ್‌ಬಾಸ್ ಆಟದಲ್ಲಿ, ಅಂದರೆ ಸದಾ ಓಡುತ್ತಿರುವ ಸರ್ವರಿಗೆ ಬಿಡುವಾದಾಗ ಲಾಗಿನ್ ಆಗಿ ಆಡುವ ಆಟದಲ್ಲಿ, ಒಂದು ನಾಡಿಗೆ ಇರುವುದು ಒಂದೇ ಪಾಸ್‌ವರ್ಡ್. ತಂಡದಲ್ಲಿ ಐದು ಜನರಿರಲಿ, ಇಪ್ಪತ್ತೈದು ಜನರಿರಲಿ, ಸರ್ವರಿಗೆ ಕಾಣುವ ಆಟಗಾರ ಒಬ್ಬನೇ. ಪ್ರಧಾನ, ದಂಡನಾಯಕ, ಭಂಡಾರಿ ಎಂದು ಎಷ್ಟು ಬಿರುದು ಹಂಚಿಕೊಂಡರೂ ಅವತ್ತು ರಾತ್ರಿ ಲಾಗಿನ್ ಆಗಿ ‘ಎಂಡ್ ಟರ್ನ್’ (ಈ ಸುತ್ತಿನ ನಡೆ ಮುಗಿಯಿತು) ಒತ್ತುವವನ ಕೈಯಲ್ಲೇ ರಾಜ್ಯ ಇರುತ್ತದೆ. ಆ ಕೈಗೆ ಯಾವಾಗ ಲಗಾಮು ಬಿಗಿಯಬೇಕು, ಯಾವಾಗ ಸಡಿಲ ಬಿಡಬೇಕು ಎಂಬ ಏರ್ಪಾಡಿಗೇ ತಂಡದ ಸರ್ಕಾರ ಅನ್ನುವುದು. ಮಿಕ್ಕಿದ್ದು ವೇಷ. ವೇಷ ಬೇಡವೆಂದಲ್ಲ, ಅರ್ಧ ಜನ ಬರುವುದೇ ಅದಕ್ಕಾಗಿ. ಆದರೆ ವೇಷ ಮೊದಲು ಹೊಲಿಸಿ ಆಮೇಲೆ ಕೆಲಸ ಹಂಚಿದ ತಂಡಗಳು ಐವತ್ತನೇ ಟರ್ನ್ ಹೊತ್ತಿಗೆ ಮೌನವಾಗಿರುತ್ತವೆ.

ಇಲ್ಲಿ ಹೇಳುವುದೆಲ್ಲ ಸಿವಿಲೈಸೇಶನ್ 4ರ ‘ಬಿಯಾಂಡ್ ದ ಸ್ವೋರ್ಡ್’ ಆವೃತ್ತಿ, ನಾರ್ಮಲ್ ವೇಗ, 24 ಗಂಟೆಗೆ ಒಂದು ಟರ್ನ್, ಎಲ್ಲ ತಂಡಗಳೂ ಏಕಕಾಲಕ್ಕೆ ಆಡುವ ಪಿಟ್‌ಬಾಸ್ ಸರ್ವರ್ ಎಂಬ ಲೆಕ್ಕದಲ್ಲಿದೆ. ಕಾಸು ಖರ್ಚಿಲ್ಲದೆ ಆಡಬೇಕೆನ್ನುವವರಿಗೆ ಫ್ರೀಸಿವ್ ಇದೆ. 1995ರಲ್ಲಿ ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರುಮಾಡಿದ ಆ ಮುಕ್ತ ತಂತ್ರಾಂಶಕ್ಕೂ ಸರ್ಕಾರದ ಮಾತು ಹೆಚ್ಚುಕಡಿಮೆ ಹೀಗೇ ಅನ್ವಯಿಸುತ್ತದೆ, ಅಂಕಿಗಳು ಮಾತ್ರ ಬೇರೆ.

ಮೊದಲು ಗಡಿಯಾರ, ಆಮೇಲೆ ಸಂವಿಧಾನ

ಸರ್ಕಾರದ ಮಾದರಿ ಆರಿಸುವ ಮುಂಚೆ ಮೂರು ಲೆಕ್ಕ ಬರೆದಿಟ್ಟುಕೊಳ್ಳಿ.

ಒಂದು, ಟರ್ನಿನ ಉದ್ದ. ನಾರ್ಮಲ್ ವೇಗದಲ್ಲಿ ಪೂರ್ತಿ ಆಟ 500 ಟರ್ನ್. ದಿನಕ್ಕೊಂದರಂತೆ ಹದಿನಾರು ತಿಂಗಳು ದಾಟುತ್ತದೆ. ಗೆಲುವು ಅದಕ್ಕೆ ಮೊದಲೇ ಇತ್ಯರ್ಥವಾಗಬಹುದು, ಆದರೂ ಎಂಟು ಹತ್ತು ತಿಂಗಳಿಗೆ ಮನಸ್ಸು ಸಿದ್ಧವಿರಬೇಕು. ಅಷ್ಟರಲ್ಲಿ ಪರೀಕ್ಷೆ, ಮದುವೆ, ಕೆಲಸದ ಬದಲಾವಣೆ, ದೀಪಾವಳಿಗೆ ಊರಿಗೆ ಹೋಗುವುದು ಎಲ್ಲವೂ ಬಂದೇ ಬರುತ್ತವೆ.

ಎರಡು, ತಲೆ ಎಣಿಕೆ. ಹೆಸರು ಕೊಟ್ಟವರನ್ನಲ್ಲ, ಕಳೆದ ಹತ್ತು ದಿನದಲ್ಲಿ ಎರಡು ಸಲವಾದರೂ ಬಾಯಿಬಿಟ್ಟವರನ್ನು ಎಣಿಸಿ. ಇಪ್ಪತ್ತು ಜನ ಸೇರಿಕೊಂಡ ಗುಂಪಿನಲ್ಲಿ ಈ ಸಂಖ್ಯೆ ಏಳೆಂಟಿದ್ದರೆ ಅದೇ ಪುಣ್ಯ.

ಮೂರು, ಟರ್ನ್ ಉರುಳುವ ಹೊತ್ತು, ಅಂದರೆ ಹಳೆಯ ಟರ್ನ್ ಮುಗಿದು ಹೊಸದು ಶುರುವಾಗುವ ಗಳಿಗೆ. ತಂಡದ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬೈಯಲ್ಲಿ, ಇನ್ನಿಬ್ಬರು ಕ್ಯಾಲಿಫೋರ್ನಿಯದಲ್ಲಿ ಇರುವುದು ಕನ್ನಡದ ಗುಂಪುಗಳಲ್ಲಿ ಮಾಮೂಲು. ರಾತ್ರಿ 9ಕ್ಕೆ ಟರ್ನ್ ಉರುಳಿದರೆ ದುಬೈಯಲ್ಲಿ ಸಂಜೆ 7:30, ಕ್ಯಾಲಿಫೋರ್ನಿಯದಲ್ಲಿ ಬೇಸಿಗೆಯಾದರೆ ಬೆಳಗ್ಗೆ 8:30, ಚಳಿಗಾಲವಾದರೆ 7:30. ಅಂದರೆ ಮೊದಲ ಹನ್ನೆರಡು ಗಂಟೆ ಅಮೆರಿಕದವರ ಹಗಲು, ಕೊನೆಯ ಹನ್ನೆರಡು ಗಂಟೆ ನಮ್ಮ ಹಗಲು. ಯುದ್ಧ ಬಂದಾಗ ಈ ಸಂಗತಿ ಚಿನ್ನದ ಬೆಲೆ ಬಾಳುತ್ತದೆ, ಮುಂದೆ ಹೇಳುತ್ತೇವೆ. ಫ್ರೀಸಿವ್‌ನ ಲಾಂಗ್‌ಟರ್ನ್ ಆಟಗಳಲ್ಲಿ ಟರ್ನಿಗೆ 23 ಗಂಟೆ ಇಡುವ ರೂಢಿಯಿದೆ. ದಿನಕ್ಕೆ ಒಂದೊಂದು ಗಂಟೆ ಹಿಂದೆ ಸರಿಯುತ್ತ ಹೋಗುವುದರಿಂದ ಯಾವ ದೇಶದವರಿಗೂ ಕಾಯಂ ನಡುರಾತ್ರಿಯ ಶಿಕ್ಷೆ ಇಲ್ಲ. ಆದರೆ ದಿನದ ಇಂಥ ಹೊತ್ತಿಗೆ ಎಂದು ಕೆಲಸ ಹಂಚಿಕೊಳ್ಳುವ ತಂಡಕ್ಕೆ ಅದು ತಲೆನೋವು.

ರಾಜಪ್ರಭುತ್ವ: ಒಬ್ಬನ ಕೈ, ಉಳಿದವರ ಸಲಹೆ

ಚಟುವಟಿಕೆಯ ಸದಸ್ಯರು ಐದಕ್ಕಿಂತ ಕಡಿಮೆಯಿದ್ದರೆ ಬೇರೆ ಯೋಚನೆಯೇ ಬೇಡ. ಆಟ ಚೆನ್ನಾಗಿ ಬಲ್ಲ ಒಬ್ಬರು ರಾಜ ಅಥವಾ ರಾಣಿ, ಉಳಿದವರು ಆಸ್ಥಾನ. ಆಟದ ಗುಣಮಟ್ಟದಲ್ಲಿ ಈ ಮಾದರಿಯನ್ನು ಮೀರಿಸುವುದು ಕಷ್ಟ, ಯಾಕೆಂದರೆ ಸಿವ್ 4ರಲ್ಲಿ ಲಾಭ ಇರುವುದೆಲ್ಲ ಸಣ್ಣಸಣ್ಣ, ಸಮಯಕ್ಕೆ ಸರಿಯಾಗಿ ಮಾಡಬೇಕಾದ ಕೆಲಸಗಳಲ್ಲಿ.

ಒಂದು ಉದಾಹರಣೆ ಸಾಕು. ನಾಲ್ಕು ಜನಸಂಖ್ಯೆಯ ಊರಿನಲ್ಲಿ ಸೆಟ್ಲರ್ (ಹೊಸ ಊರು ನೆಡುವ ವಲಸಿಗ) ತಯಾರಾಗುತ್ತಿದೆ. ಬೇಕಾದ್ದು 100 ಹ್ಯಾಮರ್ (ಊರಿನ ದುಡಿಮೆಯ ಅಳತೆ), ಆಗಿರುವುದು 59. ಸ್ಲೇವರಿ ಎಂಬ ಸಿವಿಕ್‌ನಲ್ಲಿ (ಆಟದೊಳಗಿನ ರಾಜ್ಯನೀತಿ) ಒಂದು ಜನಸಂಖ್ಯೆ ಕೊಟ್ಟರೆ 30 ಹ್ಯಾಮರ್ ಸಿಗುತ್ತದೆ. ಬಾಕಿ 41 ಇರುವುದರಿಂದ ಇವತ್ತು ಚಾವಟಿ ಬೀಸಿದರೆ ಎರಡು ಜನಸಂಖ್ಯೆ ಹೋಗುತ್ತದೆ, ಮಿಕ್ಕ 19 ಹ್ಯಾಮರ್ ಮುಂದಿನ ಕೆಲಸಕ್ಕೆ ಹರಿಯುತ್ತದೆ. ಊರು ಟರ್ನಿಗೆ 8ರಂತೆ ದುಡಿಯುತ್ತಿದ್ದರೆ ಎರಡು ಟರ್ನ್ ಕಳೆದ ಮೇಲೆ ಬಾಕಿ 25 ಮಾತ್ರ, ಒಂದೇ ಜನಸಂಖ್ಯೆ ಸಾಕು. ಯಾವುದು ಸರಿ ಎಂಬುದು ಸೆಟ್ಲರ್ ಎಷ್ಟು ಬೇಗ ಬೇಕು, ಆ ಮಿಕ್ಕ ಹ್ಯಾಮರ್ ಯಾವುದಕ್ಕೆ ಹೋಗಬೇಕು ಎಂಬುದರ ಮೇಲೆ ನಿಂತಿದೆ. ಇದನ್ನು 48 ಗಂಟೆಯ ಪೋಲ್‌ಗೆ ಹಾಕಿದಿರೋ, ಫಲಿತಾಂಶ ಬರುವಷ್ಟರಲ್ಲಿ ಪ್ರಶ್ನೆಯೇ ಬದಲಾಗಿರುತ್ತದೆ.

ರಾಜಪ್ರಭುತ್ವ ಕೆಡುವುದು ರಾಜ ಕೆಟ್ಟವನಾಗಿ ಅಲ್ಲ, ಒಳ್ಳೆಯವನಾಗಿ. ಎಲ್ಲವನ್ನೂ ಅವನೇ ಸರಿಯಾಗಿ ಮಾಡುತ್ತ ಹೋದಂತೆ ಉಳಿದವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ. ಒಂದು ದಿನ ರಾಜನಿಗೆ ಜ್ವರ ಬರುತ್ತದೆ, ನಾಡಿನಲ್ಲಿ ಯಾವ ವರ್ಕರ್ (ಹೊಲ, ರಸ್ತೆ ಮಾಡುವ ಆಳು) ಯಾಕೆ ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಬಲ್ಲವರು ಯಾರೂ ಇರುವುದಿಲ್ಲ. ಇದಕ್ಕೆ ಎರಡು ಕಟ್ಟುಪಾಡು ಬೇಕು: ಟರ್ನ್ ಮುಗಿದೊಡನೆ ನಾಲ್ಕು ಸಾಲಿನ ವರದಿ, ಮತ್ತು ಹತ್ತು ಟರ್ನಿಗೊಮ್ಮೆ ಯುವರಾಜ ಒಂದು ಟರ್ನನ್ನು ಪೂರ್ತಿ ತಾನೇ ಆಡುವುದು. ಎರಡನೆಯದನ್ನು ತಪ್ಪಿಸಿಕೊಳ್ಳಲು ರಾಜರು ನೂರು ನೆಪ ಹೇಳುತ್ತಾರೆ. ಬಿಡಬೇಡಿ.

ಮಂತ್ರಿಮಂಡಲ: ಆರರಿಂದ ಹನ್ನೆರಡು ಜನಕ್ಕೆ

ಹೆಚ್ಚಿನ ತಂಡಗಳಿಗೆ ಒಗ್ಗುವುದು ಇದೇ. ಪದವಿಗಳ ಹೆಸರಿಗೆ ಎಲ್ಲೆಲ್ಲೋ ಹುಡುಕಬೇಕಿಲ್ಲ, ನಮ್ಮ ಶಾಸನಗಳಲ್ಲೇ ಸಿದ್ಧವಾಗಿವೆ. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳರ ಕಾಲದಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿ ಇದ್ದ. ಸಂಧಿ ಎಂದರೆ ಒಪ್ಪಂದ, ವಿಗ್ರಹ ಎಂದರೆ ಯುದ್ಧ, ಎರಡರ ಮಾತುಕತೆಯೂ ಅವನದೇ. ‘ವಿದೇಶಾಂಗ ಸಚಿವ’ ಎನ್ನುವುದಕ್ಕಿಂತ ಈ ಪದವೇ ಕೆಲಸದ ಸ್ವರೂಪವನ್ನು ಸರಿಯಾಗಿ ಹೇಳುತ್ತದೆ.

ನಡೆಯುವಂಥ ಹಂಚಿಕೆ ಹೀಗಿರುತ್ತದೆ. ಪ್ರಧಾನ ಟರ್ನ್ ಆಡುತ್ತಾನೆ, ಎಲ್ಲರ ಆದೇಶ ಒಟ್ಟುಮಾಡುತ್ತಾನೆ. ಹೆಗ್ಗಡೆಯ ಕೈಯಲ್ಲಿ ಊರುಗಳು ಮತ್ತು ವರ್ಕರ್‌ಗಳು. ಭಂಡಾರಿಯ ಕೈಯಲ್ಲಿ ಸಂಶೋಧನೆಯ ಸಾಲು, ತೆರಿಗೆಯ ಸ್ಲೈಡರ್ (ಆದಾಯವನ್ನು ಸಂಶೋಧನೆಗೂ ಖಜಾನೆಗೂ ಹಂಚುವ ಪಟ್ಟಿ), ಚಿನ್ನ. ದಂಡನಾಯಕನಿಗೆ ಸೈನ್ಯ ಮತ್ತು ಬೇಹು. ಸಂಧಿವಿಗ್ರಹಿಗೆ ಹೊರಗಿನ ಮಾತು. ಇವರ ಜೊತೆ ಸೇನಬೋವ, ಅಂದರೆ ದಾಖಲೆ ಬರೆಯುವವ. ಸೇನಬೋವನಿಗೆ ಅಧಿಕಾರ ಏನೂ ಇಲ್ಲ, ಆದರೆ ಅವನಿಲ್ಲದ ಮಂತ್ರಿಮಂಡಲ ಎರಡು ತಿಂಗಳು ಬಾಳುವುದಿಲ್ಲ.

ಆರು ಪದವಿ ಇದೆಯೆಂದು ಆರು ಜನರನ್ನು ಕೂರಿಸುವುದೇ ಮೊದಲ ತಪ್ಪು. ಚಟುವಟಿಕೆಯಲ್ಲಿರುವವರ ಅರ್ಧದಷ್ಟು ಮಂತ್ರಿಗಳು ಸಾಕು. ಎಂಟು ಜನರಿದ್ದರೆ ನಾಲ್ಕು ಮಂತ್ರಿ, ನಾಲ್ಕು ಉಪಮಂತ್ರಿ. ಆಗ ಭಂಡಾರವನ್ನು ಹೆಗ್ಗಡೆಗೇ ಒಪ್ಪಿಸಿ, ಆಟದ ಅರ್ಧದವರೆಗೆ ಆ ಎರಡು ಕೆಲಸ ಒಂದೇ. ಎಲ್ಲರೂ ಮಂತ್ರಿಗಳಾದ ನಾಡಿನಲ್ಲಿ ಮಂತ್ರಿ ಕಾಣೆಯಾದರೆ ಜಾಗಕ್ಕೆ ಬರಲು ಪ್ರಜೆಯೇ ಇರುವುದಿಲ್ಲ.

ಎರಡನೆಯ ತಪ್ಪು ಗಡಿ ಗುರುತಿಸದೆ ಬಿಡುವುದು. ಜಗಳ ಬರುವ ಜಾಗಗಳು ಯಾವಾಗಲೂ ಇವೇ: ಗಡಿಯೂರಿನಲ್ಲಿ 35 ಹ್ಯಾಮರಿನ ಆಕ್ಸ್‌ಮನ್ (ಕೊಡಲಿ ಸೈನಿಕ) ಮೊದಲೋ 60 ಹ್ಯಾಮರಿನ ವರ್ಕರ್ ಮೊದಲೋ, ಸೆಟ್ಲರ್ ಜೊತೆ ಕಾವಲಿಗೆ ಹೋಗುವ ವಾರಿಯರ್ ಯಾರ ಮಾತು ಕೇಳಬೇಕು, ರಣರಂಗದ ಕಡೆ ರಸ್ತೆ ಹಾಕುವ ವರ್ಕರ್ ಯಾರವನು, ಯುದ್ಧದ ನಡುವೆ ಸ್ಲೈಡರ್ ಇಳಿಸಿ ಸೈನ್ಯ ಅಪ್‌ಗ್ರೇಡ್ ಮಾಡಲು ಚಿನ್ನ ಕೂಡಿಸಬೇಕೇ. ಇವಕ್ಕೆ ಸಂವಿಧಾನದಲ್ಲಿ ನಾಲ್ಕು ಸಾಲು ಸಾಕು:

ಊರಿನ ತಯಾರಿಕೆಯ ಸಾಲಿನಲ್ಲಿರುವುದೆಲ್ಲ ಹೆಗ್ಗಡೆಯದು. ತಯಾರಾಗಿ ಹೊರಬಂದ ಸೈನಿಕ ದಂಡನಾಯಕನವನು. ಪ್ರತಿ ಊರಿಗೆ ಕನಿಷ್ಠ ಎಷ್ಟು ಕಾವಲು ಬೇಕೆಂದು ದಂಡನಾಯಕ ಹತ್ತು ಟರ್ನಿಗೊಮ್ಮೆ ಹೇಳತಕ್ಕದ್ದು, ಅಷ್ಟನ್ನು ಹೆಗ್ಗಡೆ ಒದಗಿಸತಕ್ಕದ್ದು. ಯುದ್ಧ ಘೋಷಣೆಯಾದ ಟರ್ನಿನಿಂದ ಶಾಂತಿಯಾಗುವವರೆಗೆ ಇಬ್ಬರ ಆದೇಶ ತಾಕಲಾಡಿದರೆ ದಂಡನಾಯಕನ ಮಾತು ನಡೆಯತಕ್ಕದ್ದು.

ಮೂರನೆಯದು ಅವಧಿ. ಅವಧಿಯನ್ನು ತಿಂಗಳಲ್ಲಿ ಅಳೆಯಬೇಡಿ, ಟರ್ನಿನಲ್ಲಿ ಅಳೆಯಿರಿ. ಸರ್ವರ್ ಕೈಕೊಟ್ಟು ಆಟ ಎರಡು ವಾರ ನಿಂತಾಗ ಏನೂ ಆಡದೆಯೇ ಮಂತ್ರಿಯ ಅವಧಿ ಮುಗಿದುಹೋಗುವ ವಿಚಿತ್ರ ಆಗ ತಪ್ಪುತ್ತದೆ. ಮೂವತ್ತು ಟರ್ನ್ ಹದವಾದ ಅವಧಿ. ಹತ್ತಾದರೆ ಬರೀ ಚುನಾವಣೆಯೇ, ಅರವತ್ತಾದರೆ ಬೇಸತ್ತ ಮಂತ್ರಿಯನ್ನು ಕಿತ್ತುಹಾಕುವ ಕಹಿ. ಅವಧಿ ಮುಗಿಯಲು ಐದು ಟರ್ನ್ ಇರುವಾಗಲೇ ಹೆಸರು ಕರೆಯಿರಿ, ಕೊನೆಯ ಎರಡು ಟರ್ನ್ ಹಳಬ ಹೊಸಬ ಇಬ್ಬರೂ ಕೂಡಿ ಆಡಲಿ.

ಸಭೆ: ಎಲ್ಲದಕ್ಕೂ ಮತ

ಹದಿನೈದಕ್ಕಿಂತ ಹೆಚ್ಚು ಜನ ಇರುವಾಗ, ಗೆಲುವಿಗಿಂತ ಮಾತುಕತೆಯ ರುಚಿಗೇ ಬಂದವರಿರುವಾಗ ಸಭೆ ಚೆನ್ನ. ಮೊದಲ ಮೂವತ್ತು ಟರ್ನ್‌ಗಳಂತೂ ಸಭೆಗೆ ಹೇಳಿಮಾಡಿಸಿದ ಕಾಲ. ಇರುವುದು ಒಂದು ಊರು, ಒಂದಿಬ್ಬರು ವಾರಿಯರ್. ಟರ್ನ್ ಆಡಲು ಎರಡು ನಿಮಿಷ, ಚರ್ಚಿಸಲು ಇಪ್ಪತ್ತಮೂರು ಗಂಟೆ ಐವತ್ತೆಂಟು ನಿಮಿಷ. ಹತ್ತು ಊರಾದ ಮೇಲೆ ಟರ್ನ್ ಆಡಲೇ ಮುಕ್ಕಾಲು ಗಂಟೆ ಬೇಕಾದಾಗ ಅದೇ ಸಭೆ ಕಾಲಿಗೆ ಕಟ್ಟಿದ ಗುಂಡಾಗುತ್ತದೆ.

ಹಾಗಾಗಿ ಯಾವುದನ್ನು ಮತಕ್ಕೆ ಹಾಕಬಾರದು ಎಂದು ತೀರ್ಮಾನಿಸುವುದೇ ಸಭೆಯ ಮೊದಲ ಕೆಲಸ. ನಮ್ಮ ಒರೆಗಲ್ಲು ಇದು: ಹಿಂದಕ್ಕೆ ತೆಗೆದುಕೊಳ್ಳಲಾಗದ್ದು ಸಭೆಗೆ, ತೆಗೆದುಕೊಳ್ಳಬಹುದಾದದ್ದು ಆಡುವವನಿಗೆ. ಊರಿನ ಜಾಗ, ಯುದ್ಧ ಸಾರುವುದು, ಗ್ರೇಟ್ ಪರ್ಸನ್ (ಊರಿನಲ್ಲಿ ಅಪರೂಪಕ್ಕೆ ಹುಟ್ಟುವ ಮಹಾವ್ಯಕ್ತಿ) ಬಳಕೆ, ಗೆದ್ದ ಊರನ್ನು ಸುಡುವುದೋ ಇಟ್ಟುಕೊಳ್ಳುವುದೋ, ಇವು ಸಭೆಗೆ. ಯಾವ ಟೈಲ್ (ನಕ್ಷೆಯ ಚೌಕ) ದುಡಿಸಬೇಕು, ಯಾವ ಕಾಡು ಕಡಿಯಬೇಕು, ಸ್ಲೈಡರ್ ಎಷ್ಟಿರಬೇಕು, ಇವು ಸಭೆಗೆ ಬೇಡ. ಕಾಡು ಕಡಿದರೆ ಮತ್ತೆ ಬರುವುದು ಅಪರೂಪ ನಿಜ. ಆದರೆ ಒಂದು ಕಾಡಿನಿಂದ ಬರುವುದು 20 ಹ್ಯಾಮರ್, ಮ್ಯಾಥಮ್ಯಾಟಿಕ್ಸ್ ಕಲಿತ ಮೇಲೆ 30. ಅಷ್ಟಕ್ಕೆ ಸಭೆ ಸೇರಿಸಬೇಡಿ. ‘ಮ್ಯಾಥಮ್ಯಾಟಿಕ್ಸ್ ಬರುವವರೆಗೆ ರಾಜಧಾನಿಯ ಕಾಡಿಗೆ ಕೈಹಚ್ಚಬಾರದು’ ಎಂಬಂಥ ಸ್ಥಾಯಿ ಆದೇಶ ಒಂದನ್ನು ಮತಕ್ಕೆ ಹಾಕಿದರೆ ಮುಗಿಯಿತು. ಸಂಶೋಧನೆಯೂ ಹಾಗೆಯೇ. ಒಂದೊಂದು ವಿದ್ಯೆಗೂ ಮತ ಕೇಳದೆ ಮುಂದಿನ ಮೂರರ ಸಾಲಿಗೆ ಒಮ್ಮೆಗೇ ಕೇಳಿ.

ಪೋಲ್ ಬರೆಯುವುದೂ ಒಂದು ಕಸುಬು. ಮೂರನೇ ಊರಿಗೆ ಮೂರು ಜಾಗ ಸೂಚಿಸಿದ್ದೀರಿ: ಒಂದು ಗುಡ್ಡ, ಎರಡು ಕರಾವಳಿ. ಗುಡ್ಡಕ್ಕೆ 5, ಉತ್ತರ ಕರಾವಳಿಗೆ 4, ದಕ್ಷಿಣ ಕರಾವಳಿಗೆ 3 ಮತ ಬಂತು. ಹನ್ನೆರಡರಲ್ಲಿ ಏಳು ಜನ ಕಡಲು ಬೇಕೆಂದರೂ ಗೆದ್ದದ್ದು ಗುಡ್ಡ. ಎರಡಕ್ಕಿಂತ ಹೆಚ್ಚು ಆಯ್ಕೆಯಿದ್ದಾಗ ಮೊದಲೆರಡನ್ನಿಟ್ಟು ಇನ್ನೊಂದು ಸುತ್ತು ನಡೆಸಿ, ಇಲ್ಲವೇ ‘ಕಡಲೋ ಗುಡ್ಡವೋ’ ಎಂಬುದನ್ನು ಮೊದಲು ಕೇಳಿ. ಸೆಟ್ಲರ್ ತಯಾರಾಗುವ ನಾಲ್ಕು ಟರ್ನ್ ಮೊದಲೇ ಪೋಲ್ ತೆರೆಯಬೇಕು ಎಂಬುದು ಇದಕ್ಕೇ. ಜಾಗಗಳನ್ನು ಮಾತಿನಲ್ಲಿ ವರ್ಣಿಸಬೇಡಿ. ಆಟದೊಳಗೆ ಆಲ್ಟ್ ಮತ್ತು ಎಸ್ ಒತ್ತಿದರೆ ನಕ್ಷೆಯ ಮೇಲೆ ಫಲಕ ನೆಡಬಹುದು; ಅ, ಆ, ಇ ಎಂದು ನೆಟ್ಟು ಸ್ಕ್ರೀನ್‌ಶಾಟ್ ತೆಗೆದು ಪೋಲ್ ಜೊತೆ ಹಾಕಿ.

ಕೋರಂ ಇಡುವಾಗ ಸದಸ್ಯರ ಒಟ್ಟು ಸಂಖ್ಯೆಯ ಅರ್ಧ ಎಂದು ಬರೆದಿರೋ, ನಾಲ್ಕನೇ ತಿಂಗಳಲ್ಲಿ ಒಂದು ಠರಾವೂ ಪಾಸಾಗುವುದಿಲ್ಲ. ಹಿಂದಿನ ಮೂರು ಪೋಲ್‌ಗಳಲ್ಲಿ ಮತ ಹಾಕಿದವರ ಸರಾಸರಿಯ ಅರ್ಧ ಎಂದು ಬರೆಯಿರಿ; ತಂಡ ಕುಗ್ಗಿದಂತೆ ಕೋರಂ ತಾನೇ ಕುಗ್ಗುತ್ತದೆ. ಸಮಮತ ಬಂದರೆ ಪ್ರಧಾನನ ಮತ ನಿರ್ಣಾಯಕ. ವಾಟ್ಸಾಪ್ ಮತ್ತು ಡಿಸ್ಕಾರ್ಡ್ ಪೋಲ್‌ಗಳಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂದು ಎಲ್ಲರಿಗೂ ಕಾಣುತ್ತದೆ. ಊರಿನ ಜಾಗಕ್ಕೆ ಅದು ಪರವಾಗಿಲ್ಲ, ಮಂತ್ರಿಯ ಚುನಾವಣೆಗೆ ಬೇಡ. ಅದಕ್ಕೆ ಹೆಸರು ಕೇಳದ ಗೂಗಲ್ ಫಾರ್ಮ್ ಬಳಸಿ.

ಸರದಿ ಮತ್ತು ಪ್ರಾಂತ್ಯ

ಇನ್ನೆರಡು ಮಾದರಿಗಳನ್ನು ಜನ ಕೇಳುತ್ತಿರುತ್ತಾರೆ. ಸರದಿ ಎಂದರೆ ತಲಾ ಹತ್ತು ಟರ್ನ್ ಒಬ್ಬೊಬ್ಬರು ರಾಜರಾಗುವುದು. ಹೊಸಬರಿಗೆ ಆಟ ಕಲಿಸಲು ಇದಕ್ಕಿಂತ ಒಳ್ಳೆಯದಿಲ್ಲ, ಗೆಲ್ಲಲು ಇದಕ್ಕಿಂತ ಕೆಟ್ಟದ್ದಿಲ್ಲ. ಒಬ್ಬ ಅರ್ಧ ಮಾಡಿಟ್ಟ ಸೈನಿಕನನ್ನು ಇನ್ನೊಬ್ಬ ಸಾಲಿನ ಕೆಳಗೆ ತಳ್ಳುತ್ತಾನೆ, ಹತ್ತು ಟರ್ನ್ ಕೈಹಾಕದೆ ಬಿಟ್ಟರೆ ಅದರ ಮೇಲೆ ಹಾಕಿದ ಹ್ಯಾಮರ್ ಕರಗಲು ಶುರು. ಹತ್ತರ ಸರದಿಗೂ ಈ ಹತ್ತಕ್ಕೂ ಒಳ್ಳೇ ಜೋಡಿ!

ಪ್ರಾಂತ್ಯ ಪದ್ಧತಿಯಲ್ಲಿ ಒಂದೊಂದು ಊರಿಗೆ ಒಬ್ಬೊಬ್ಬ ನಾಡಗೌಡ. ಎಂಟು ಊರು ದಾಟಿದ ಮೇಲೆ ಮಂತ್ರಿಮಂಡಲದ ಕೆಳಗೆ ಹೆಗ್ಗಡೆಯ ಹೊರೆ ಇಳಿಸಲು ಇದನ್ನು ಸೇರಿಸಿಕೊಳ್ಳಬಹುದು. ಒಂಟಿಯಾಗಿ ನಡೆಯುವುದಿಲ್ಲ: ಪ್ರತಿ ಗೌಡನಿಗೂ ತನ್ನೂರಿಗೇ ವರ್ಕರ್ ಬೇಕು, ಗಡಿಯ ಕಬ್ಬಿಣ ತನ್ನೂರಿನದೇ ಆಗಬೇಕು.

ಯಾವ ಮಾದರಿಗೂ ತಪ್ಪದ ಕೆಲಸ: ಆದೇಶ ಪತ್ರ

ಆಡುವವನು ಲಾಗಿನ್ ಆಗುವ ಮುಂಚೆ ಅವನ ಮುಂದೆ ಒಂದೇ ಒಂದು ಹಾಳೆ ಇರಬೇಕು. ಮೂರು ಚಾನೆಲ್, ಎರಡು ವಾಟ್ಸಾಪ್ ಗುಂಪು ತಡಕಾಡಿ ಆದೇಶ ಹುಡುಕುವಂತಾದರೆ ಏನಾದರೊಂದು ತಪ್ಪಿಹೋಗುವುದು ಖಂಡಿತ. ಗೂಗಲ್ ಶೀಟ್‌ನಲ್ಲಿ ಟರ್ನಿಗೊಂದು ಸಾಲು, ಮಂತ್ರಿಗೊಂದು ಅಂಕಣ. ಆದೇಶ ಹೀಗಿರಲಿ:

‘ಟರ್ನ್ 64. ರಾಜಧಾನಿ: ಗ್ರಾನರಿ ಮುಗಿದೊಡನೆ ವರ್ಕರ್. ಎರಡನೇ ಊರು: ಬದಲಿಸಬೇಡಿ. ವರ್ಕರ್ 1: ಗೋಧಿಯ ಮೇಲೆ ಫಾರ್ಮ್ ಮುಂದುವರಿಸಿ. ವರ್ಕರ್ 2: ತಾಮ್ರದಿಂದ ಒಂದು ಟೈಲ್ ಪೂರ್ವಕ್ಕೆ, ರಸ್ತೆ. ಗಡಿಯಲ್ಲಿ ಎರಡಕ್ಕಿಂತ ಹೆಚ್ಚು ಶತ್ರು ಕಂಡರೆ: ವರ್ಕರ್ 2 ಊರೊಳಗೆ, ಟರ್ನ್ ಮುಗಿಸದೆ ದಂಡನಾಯಕನಿಗೆ ಫೋನ್.’

ಕೊನೆಯ ಸಾಲೇ ಮುಖ್ಯ. ‘ಹೀಗಾದರೆ ಹೀಗೆ’ ಎಂಬ ಷರತ್ತಿಲ್ಲದ ಆದೇಶ ಪತ್ರ, ಹೊಸದೇನೂ ಆಗದ ಟರ್ನಿಗೆ ಮಾತ್ರ ಸಾಕಾಗುತ್ತದೆ. ಆದೇಶ ಬರೆಯಲು ಗಡುವು ಟರ್ನ್ ಉರುಳುವ ಎಂಟು ಗಂಟೆ ಮೊದಲು. ಅಂಕಣ ಖಾಲಿಯಿದ್ದರೆ ಪ್ರಧಾನ ತನಗೆ ತೋಚಿದಂತೆ ಆಡಬಹುದು, ಆಮೇಲೆ ಮಂತ್ರಿ ಗೊಣಗುವಂತಿಲ್ಲ. ಮೂರು ಟರ್ನ್ ಸತತ ಖಾಲಿಯಿದ್ದರೆ ಅಧಿಕಾರ ಉಪಮಂತ್ರಿಗೆ. ಇದಕ್ಕೆ ಮತ, ವಿಚಾರಣೆ ಏನೂ ಬೇಡ. ಮರಳಿ ಬಂದರೆ ಅಷ್ಟೇ ಸರಾಗವಾಗಿ ಪದವಿ ಮರಳಲಿ. ಕಾಣೆಯಾದವರನ್ನು ಅಪರಾಧಿಗಳಂತೆ ನಡೆಸಿಕೊಂಡ ತಂಡಕ್ಕೆ ಅವರು ಮತ್ತೆ ಬರುವುದಿಲ್ಲ.

ಪಾಸ್‌ವರ್ಡ್ ಮೂವರ ಬಳಿ ಇರಲಿ, ಮೂವರೂ ಒಂದೇ ಗಡಿಯಾರದವರಾಗಬಾರದು. ಒಳಹೋಗುವ ಮುಂಚೆ ‘ಒಳಗಿದ್ದೇನೆ’, ಹೊರಬಂದ ಮೇಲೆ ‘ಹೊರಬಂದೆ, ಟರ್ನ್ ಮುಗಿಸಿಲ್ಲ’ ಅಥವಾ ‘ಮುಗಿಸಿದೆ’ ಎಂದು ಬರೆಯುವುದು ಕಡ್ಡಾಯ. ಇದನ್ನು ತಪ್ಪಿಸಿದಾಗಲೇ ಒಂದೇ ವರ್ಕರ್‌ಗೆ ಇಬ್ಬರು ಎರಡು ಆಜ್ಞೆ ಕೊಡುವುದು.

ಯುದ್ಧ ಬಂದಾಗ

ಏಕಕಾಲದ ಟರ್ನ್‌ಗಳಲ್ಲಿ ‘ಡಬಲ್ ಮೂವ್’ ಎಂಬ ಪೀಡೆಯಿದೆ. ಶತ್ರು ಟರ್ನ್ 80ರ ಕೊನೆಯ ಐದು ನಿಮಿಷದಲ್ಲಿ ಸೈನ್ಯ ಸರಿಸಿ, ಟರ್ನ್ ಉರುಳಿದೊಡನೆ 81ರ ಮೊದಲ ಐದು ನಿಮಿಷದಲ್ಲಿ ಮತ್ತೆ ಸರಿಸಿದರೆ ನಿಮಗೆ ನಡುವೆ ಕೈಯಾಡಿಸಲು ಅವಕಾಶವೇ ಇಲ್ಲ. ಇದಕ್ಕೆ ರೂಢಿಯ ಮದ್ದು ಟರ್ನನ್ನು ಇಬ್ಭಾಗ ಮಾಡುವುದು: ಕಾದಾಡುವ ಎರಡು ತಂಡಗಳಲ್ಲಿ ಒಂದಕ್ಕೆ ಮೊದಲ ಹನ್ನೆರಡು ಗಂಟೆ, ಇನ್ನೊಂದಕ್ಕೆ ಕೊನೆಯ ಹನ್ನೆರಡು. ನಿಯಮವನ್ನು ಆಟ ಶುರುವಾಗುವ ಮೊದಲೇ ಎಲ್ಲ ತಂಡಗಳೂ ಒಪ್ಪಿರಬೇಕು, ಯುದ್ಧದ ನಡುವೆ ಯಾರೂ ಒಪ್ಪುವುದಿಲ್ಲ.

ಸರ್ಕಾರದ ಆಯ್ಕೆಗೂ ಇದಕ್ಕೂ ನೇರ ನಂಟು. ನಿಮಗೆ ಮೊದಲ ಭಾಗ ಬಂದರೆ, ರಾತ್ರಿ 9ರ ಲೆಕ್ಕದಲ್ಲಿ, ಕೈ ಕ್ಯಾಲಿಫೋರ್ನಿಯದವರದಾಗಬೇಕು. ಎರಡನೆಯದು ಬಂದರೆ ಬೆಂಗಳೂರಿನವರದು. ಸಭೆಯ ತಂಡಕ್ಕಂತೂ ಹನ್ನೆರಡು ಗಂಟೆಯಲ್ಲಿ ಮತ ಎಣಿಸುವುದು ಸಾಧ್ಯವೇ ಇಲ್ಲ. ಆದ್ದರಿಂದ ಯಾವ ಮಾದರಿಯಾದರೂ ಯುದ್ಧಕಾಲಕ್ಕೆ ದಂಡನಾಯಕನಿಗೆ ಪೂರ್ಣಾಧಿಕಾರ ಎಂದು ಮುಂಚೆಯೇ ಬರೆದಿಡಿ. ಗುರಿಯನ್ನು ಸಭೆ ಕೊಡಲಿ: ‘ಆ ಎರಡು ಊರು ಸಿಗುವವರೆಗೆ, ಇಪ್ಪತ್ತು ಟರ್ನ್ ಮೀರದಂತೆ’. ಸೈನ್ಯದ ನಡೆಯನ್ನು ದಂಡನಾಯಕ ನೋಡಿಕೊಳ್ಳಲಿ. ಶಾಂತಿ ಒಪ್ಪಂದವಾದರೆ ಆಟವೇ ಹತ್ತು ಟರ್ನ್ ಯುದ್ಧ ತಡೆಯುತ್ತದೆ, ಆ ಬಿಡುವಿನಲ್ಲಿ ಪೂರ್ಣಾಧಿಕಾರ ತಾನಾಗಿ ಕೊನೆಯಾಗಲಿ.

ಸಂಧಿವಿಗ್ರಹಿಯ ನಾಲಿಗೆ

ಹೊರಗಿನ ತಂಡಗಳೊಡನೆ ಮಾತಾಡುವವನು ಒಬ್ಬನೇ ಇರಬೇಕು. ಬೇರೆ ತಂಡದಲ್ಲಿ ಗೆಳೆಯರಿರುವುದು ಸಹಜ, ಅವರೊಡನೆ ಕಾಫಿ ಕುಡಿಯುತ್ತ ‘ನಾವು ಪೂರ್ವಕ್ಕೆ ಬರಲ್ಲ ಬಿಡು’ ಎಂದು ಯಾರೋ ಅಂದದ್ದು ಮರುದಿನ ಒಪ್ಪಂದವೆಂದು ಮುಖಕ್ಕೆ ಹಿಡಿಯಲ್ಪಡುತ್ತದೆ. ಆಕ್ರಮಣ ಮಾಡದ ಒಪ್ಪಂದವಾದರೆ ಮುಗಿಯುವ ಟರ್ನಿನ ಸಂಖ್ಯೆ, ಮುರಿಯಲು ಎಷ್ಟು ಟರ್ನ್ ಮುನ್ಸೂಚನೆ, ಬೇಹುಗಾರಿಕೆ ಅದರಲ್ಲಿ ಸೇರಿದೆಯೋ ಇಲ್ಲವೋ, ಈ ಮೂರೂ ಬರಹದಲ್ಲಿರಲಿ. ‘ಟರ್ನ್ 120ರವರೆಗೆ’ ಎಂದರೆ 120 ಸೇರಿಯೋ ಬಿಟ್ಟೋ? ಜಗಳವಾಗುವುದು ಇಂಥದ್ದಕ್ಕೇ. ಪ್ರತಿ ಮಾತುಕತೆಯ ನಕಲು ಸೇನಬೋವನ ಕಡತಕ್ಕೆ ಹೋಗಲಿ, ಸಂಧಿವಿಗ್ರಹಿ ಬದಲಾದಾಗ ಹೊಸಬ ಓದುವುದು ಅದನ್ನೇ.

ವೇಷದ ಮಾತು

ಪಾತ್ರದ ಮಾತಿಗೊಂದು ಜಾಗ (‘ಆಸ್ಥಾನ’), ಆಟದ ಮಾತಿಗೊಂದು ಜಾಗ (‘ಕಾರ್ಯಾಲಯ’). ಆಸ್ಥಾನದಲ್ಲಿ ದಂಡನಾಯಕ ಭಂಡಾರಿಯನ್ನು ಜಿಪುಣನೆಂದು ಮೂದಲಿಸಲಿ, ಕಾರ್ಯಾಲಯದಲ್ಲಿ ‘ಮುಂದಿನ ಆರು ಟರ್ನಿಗೆ 120 ಚಿನ್ನ ಬೇಕು’ ಎಂದಷ್ಟೇ ಬರೆಯಲಿ. ಆದೇಶಗಳನ್ನು ಪಾತ್ರದ ಭಾಷೆಯಲ್ಲಿ ಬರೆದರೆ ಅನರ್ಥ ಖಚಿತ: ‘ಉತ್ತರದ ವೀರರು ಮುನ್ನುಗ್ಗಲಿ’ ಎಂದರೆ ಯಾವ ಸೈನಿಕ, ಎಷ್ಟು ಟೈಲ್?

ಒಪ್ಪಂದಗಳಿಗೆ, ಘೋಷಣೆಗಳಿಗೆ ಮಾತ್ರ ಮೈಚಳಿ ಬಿಡಿ. ‘ಸ್ವಸ್ತಿ ಶ್ರೀ’ ಎಂದು ತೊಡಗಿ, ಕೊನೆಗೆ ಶಾಸನಗಳಲ್ಲಿ ಬರುವಂತೆ ‘ಇದನಳಿದವಂ ವಾರಣಾಸಿಯೊಳ್ ಕವಿಲೆಯಂ ಕೊಂದ ಪಾಪಕ್ಕೆ ಪೋಕುಂ’ (ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ತಟ್ಟುತ್ತದೆ) ಎಂಬ ಶಾಪಾಶಯ ಸೇರಿಸಿದರೆ ಎದುರು ತಂಡದವರೂ ಖುಷಿಪಡುತ್ತಾರೆ. ಭಾರತದ ನಾಡು ಆರಿಸಿ ಅಶೋಕನಾಗಿ ಆಡುವವರಿಗೆ ಮಾದರಿ ಹತ್ತಿರದಲ್ಲೇ ಇದೆ: ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆ ಅಶೋಕ ಎಂಬ ಹೆಸರೇ ಇದೆ.

ಒಂದು ಆಸೆಯನ್ನು ಮಾತ್ರ ತಡೆದುಕೊಳ್ಳಿ: ಆಟದೊಳಗಿನ ಸಿವಿಕ್‌ಗೆ ತಕ್ಕಂತೆ ತಂಡದ ಸರ್ಕಾರವನ್ನೂ ಬದಲಿಸುವುದು. ‘ಹೆರೆಡಿಟರಿ ರೂಲ್ (ವಂಶಪಾರಂಪರ್ಯದ ಆಳ್ವಿಕೆ) ಬಂತು, ಇನ್ನು ರಾಜಪ್ರಭುತ್ವ’ ಎನ್ನುವುದು ಕೇಳಲು ಸೊಗಸು. ಆದರೆ ಆಟದಲ್ಲಿ ಅದನ್ನು ಹಾಕುವುದು ಊರಲ್ಲಿರುವ ಪ್ರತಿ ಸೈನಿಕನಿಗೆ ಒಂದು ಸಂತೋಷ ಸಿಗುತ್ತದೆಂದು, ಪಿರಮಿಡ್ ಕಟ್ಟಿದವರಿಗಂತೂ ಸರ್ಕಾರದ ಎಲ್ಲ ಸಿವಿಕ್‌ಗಳೂ ಒಂದೇ ಏಟಿಗೆ ತೆರೆದುಕೊಳ್ಳುತ್ತವೆ. ಅಶೋಕನದು ಸ್ಪಿರಿಚುವಲ್ ಗುಣ, ಅರಾಜಕತೆಯ ಟರ್ನ್ ಕಳೆಯದೆ ಸಿವಿಕ್ ಬದಲಿಸಬಲ್ಲ. ಅವನ ಜೊತೆ ತಂಡವೂ ಕುಣಿಯಹೊರಟರೆ ತಿಂಗಳಿಗೆ ನಾಲ್ಕು ಸಂವಿಧಾನ ಬರೆಯಬೇಕಾದೀತು.

ನಡುವೆ ಮಾದರಿ ಬದಲಿಸುವುದು

ಆರಿಸಿಯೇ ತೀರಬೇಕೆಂದರೆ ನಮ್ಮ ಒಲವು ಹೀಗೆ: ಎಂಟು ಹತ್ತು ಜನರ ತಂಡ ಸಭೆಯಾಗಿ ಶುರುಮಾಡಲಿ, ಮೂರನೇ ಊರು ನೆಟ್ಟ ಟರ್ನಿಗೆ ಮಂತ್ರಿಮಂಡಲವಾಗಲಿ, ಎಂಟನೇ ಊರಿಗೆ ನಾಡಗೌಡರು ಸೇರಿಕೊಳ್ಳಲಿ. ಚಟುವಟಿಕೆಯ ಎಣಿಕೆ ಐದಕ್ಕಿಂತ ಕೆಳಗಿಳಿದ ದಿನ ಬಿರುದುಗಳನ್ನು ಹಾಗೇ ಇಟ್ಟುಕೊಂಡು ಅಧಿಕಾರವೆಲ್ಲ ಪ್ರಧಾನನಿಗೆ ಹೋಗಲಿ. ಈ ಮೂರು ತಿರುವುಗಳನ್ನೂ ಮೊದಲ ದಿನವೇ ಬರೆದಿಡಿ. ಆಗ ಬದಲಾವಣೆ ಯಾರ ಮೇಲೂ ಅವಿಶ್ವಾಸ ಗೊತ್ತುವಳಿಯಂತೆ ಕಾಣುವುದಿಲ್ಲ.

ಹಸ್ತಾಂತರದ ದಿನ ಮಾಡಬೇಕಾದ್ದು ಇಷ್ಟು. ಹಳೆಯ ಪ್ರಧಾನ ಟರ್ನ್ ಮುಗಿಸಿ, ಸೇನಬೋವನ ಕಡತಕ್ಕೆ ಪ್ರತಿ ಊರಿನ ಸಾಲು, ಪ್ರತಿ ವರ್ಕರ್‌ನ ಗುರಿ, ಚಾಲ್ತಿಯಲ್ಲಿರುವ ಒಪ್ಪಂದಗಳ ಕೊನೆಯ ಟರ್ನ್ ಬರೆದಿಡುತ್ತಾನೆ. ಹೊಸಬ ಒಳಹೋಗಿ, ಏನನ್ನೂ ಮುಟ್ಟದೆ, ಅದನ್ನೆಲ್ಲ ನಕ್ಷೆಗೆ ತಾಳೆ ನೋಡುತ್ತಾನೆ. ತಾಳೆಯಾಗದ್ದನ್ನು ಅಲ್ಲೇ ಕೇಳಿ ತಿಳಿದುಕೊಂಡು, ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಉಳಿದಿಬ್ಬರಿಗೆ ಕಳಿಸಿ, ಆಮೇಲೆ ಮೊದಲ ಆಜ್ಞೆ ಕೊಡುತ್ತಾನೆ.